ಯಂತ್ರದ ಲೆಕ್ಕದಲ್ಲಿ ನಮ್ಮೂರ ಗಾಡಿ ಯಾಕಿಲ್ಲ?

ನಮ್ಮೂರು ಕೆಂಚಾರ್ಲಹಳ್ಳಿ. ಚಿಕ್ಕಬಳ್ಳಾಪುರ ಜಿಲ್ಲೆ, ಚಿಂತಾಮಣಿ ತಾಲ್ಲೂಕು. ಹಾಸ್ಟೆಲ್‌ನಲ್ಲಿ ಊರ ಹೆಸರು ಹೇಳಿದರೆ ‘ಅದು ಎಲ್ಲಿ ಬರುತ್ತೆ ಮಗಾ?’ ಅಂತಾರೆ. ‘ಆಂಧ್ರ ಬಾರ್ಡರ್ ಕಡೆ’ ಅಂದರೆ ಮಾತು ಅಲ್ಲಿಗೆ ಮುಗಿಯುತ್ತೆ.

ಹುರುಳಿ ಕೀಳೋ ಕಾಲದಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಕಣ. ಗಿಡಗಳನ್ನ ತಂದು ರಸ್ತೆ ಮೇಲೆ ಹರಡಿಬಿಟ್ಟರೆ ಹೋಗೋ ಬರೋ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಇದು ತಪ್ಪು, ಬೈಕ್‌ನವರು ಜಾರಿ ಬೀಳ್ತಾರೆ. ಗೊತ್ತು. ಆದರೂ ನಾನು ಚಿಕ್ಕವನಿದ್ದಾಗ ನಮ್ಮಜ್ಜಿ ಹುಣಸೆ ಮರದ ನೆರಳಲ್ಲಿ ಕೂತು ಹುರುಳಿ ಕಾಯೋವಾಗ ನಾನೂ ಜೊತೆಗೆ ಕೂತಿರುತ್ತಿದ್ದೆ. ಅಜ್ಜಿಗೆ ಕಣ್ಣು ಮಂಜು. ಆದರೆ ಗಾಡಿ ತಿರುವಿನ ಆಚೆ ಇರುವಾಗಲೇ ಹೇಳೋರು: ‘ಲಾರಿ ಬತ್ತಾ ಐತೆ, ಈಕಡೆ ಬಾ.’ ‘ಅದು ಹಾಲಿನ ಗಾಡಿ.’ ‘ಟ್ರಾಕ್ಟರು, ಖಾಲಿ ಟ್ರೇಲರು.’ ಖಾಲಿ ಅಂತ ಹೇಗೆ ಗೊತ್ತಾಯ್ತು ಅಂದರೆ, ‘ಗಡಗಡ ಅಂತಿಲ್ವಾ, ತುಂಬಿದ್ರೆ ಹಂಗನ್ನಲ್ಲ’ ಅನ್ನೋರು. ಒಂದು ದಿನವೂ ತಪ್ಪಿದ್ದು ನನಗೆ ನೆನಪಿಲ್ಲ.

ಕಳೆದ ಸೆಮಿಸ್ಟರ್ ನಾವು ನಾಲ್ಕು ಜನ ಸೇರಿ ಮಿನಿ ಪ್ರಾಜೆಕ್ಟ್ ಮಾಡಿದೆವು. ವಿಷಯ, ವಾಹನಗಳನ್ನು ತಾನೇ ಗುರುತಿಸಿ ವರ್ಗೀಕರಿಸುವ ವ್ಯವಸ್ಥೆ. ಇಂಟರ್ನೆಟ್‌ನಿಂದ ರೆಡಿಮೇಡ್ ಯೋಲೋ ಮಾಡೆಲ್ ಇಳಿಸಿಕೊಂಡು, ನಮ್ಮನೆ ಮಹಡಿ ಮೇಲಿಂದ ಫೋನ್‌ನಲ್ಲಿ ತೆಗೆದ ವಿಡಿಯೋ ಕೊಟ್ಟೆವು. ಕಾರು, ಬಸ್ಸು, ಬೈಕು ಚೆನ್ನಾಗಿ ಹೇಳಿತು. ಆಟೋ ಬಂದರೆ ಒಮ್ಮೆ ಕಾರು ಅಂತು, ಒಮ್ಮೆ ಟ್ರಕ್ ಅಂತು. ರಾಗಿ ಹುಲ್ಲು ಹೇರಿದ ಟ್ರಾಕ್ಟರ್ ಒಂದು ಫ್ರೇಮ್‌ನಲ್ಲಿ ಟ್ರಕ್, ಮುಂದಿನ ಫ್ರೇಮ್‌ನಲ್ಲಿ ಏನೂ ಇಲ್ಲ. ಕೊನೆಗೆ ಒಂದು ಎತ್ತಿನ ಗಾಡಿ ಬಂತು. ಯಂತ್ರ ಎರಡು ಚೌಕ ಎಳೆದು ಎರಡರ ಮೇಲೂ ‘ಹಸು’ ಅಂತ ಬರೆಯಿತು. ಗಾಡಿಯೂ ಇಲ್ಲ, ಗಾಡಿ ಮೇಲೆ ಕೂತ ಮನುಷ್ಯನೂ ಇಲ್ಲ. ನಾವು ಬಿದ್ದು ಬಿದ್ದು ನಕ್ಕೆವು. ಆಮೇಲೆ ಆ ಕ್ಲಿಪ್ ಕಟ್ ಮಾಡಿ, ಉಳಿದಿದ್ದನ್ನ ವೈವಾದಲ್ಲಿ ತೋರಿಸಿ, ಒಳ್ಳೆ ಮಾರ್ಕ್ಸ್ ತಗೊಂಡೆವು.

ಆ ಕಟ್ ಮಾಡಿದ ಕ್ಲಿಪ್ಪೇ ಈ ಲೇಖನ ಬರೆಸ್ತಾ ಇದೆ. ನಾನು ಹೇಳಬೇಕಾದ್ದು ಇಷ್ಟು. ಹೆದ್ದಾರಿಯಲ್ಲಿ ಗಾಡಿ ಗುರುತಿಸೋ ತಂತ್ರಜ್ಞಾನದಲ್ಲಿ ದೊಡ್ಡ ಕೊರತೆ ಸೆನ್ಸರ್‌ದಲ್ಲ, ಪಟ್ಟಿಯದು. ಯಾವ ಗಾಡಿಗೆ ಹೆಸರಿರಬೇಕು ಅನ್ನೋ ಪಟ್ಟಿ ಟೋಲ್ ಲೆಕ್ಕದಿಂದ ಬಂದಿದೆ, ಇಲ್ಲವೇ ಬೇರೆ ದೇಶದ ಫೋಟೋಗಳಿಂದ ಬಂದಿದೆ. ಪಟ್ಟಿಯಲ್ಲಿ ಇಲ್ಲದ ಗಾಡಿ ಲೆಕ್ಕಕ್ಕೆ ಬರಲ್ಲ. ಲೆಕ್ಕಕ್ಕೆ ಬಾರದ ಗಾಡಿಗೆ ರಸ್ತೆಯಲ್ಲಿ ಜಾಗ ಸಿಗಲ್ಲ. ಆ ಪಟ್ಟಿ ತಿದ್ದೋದು ನಮ್ಮಂಥ ವಿದ್ಯಾರ್ಥಿಗಳ ಕೈಲಾಗೋ ಕೆಲಸ.

ಗುರುತಿಸೋದು ಬೇರೆ, ವರ್ಗೀಕರಿಸೋದು ಬೇರೆ

ಮೊದಲು ಒಂದು ಗೊಂದಲ ಬಗೆಹರಿಸೋಣ. ‘ಇದು ಯಾರ ಗಾಡಿ?’ ಅನ್ನೋದು ಒಂದು ಪ್ರಶ್ನೆ. ‘ಇದು ಎಂಥ ಗಾಡಿ?’ ಅನ್ನೋದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಹೇಳೋದು ಫಾಸ್ಟ್ಯಾಗ್ ಮತ್ತು ನಂಬರ್ ಪ್ಲೇಟ್ ಓದುವ ಕ್ಯಾಮೆರಾ. ಫಾಸ್ಟ್ಯಾಗ್ ಒಳಗೆ ಬ್ಯಾಟರಿ ಇಲ್ಲ. ಮೇಲಿರೋ ರೀಡರ್ 865ರಿಂದ 867 ಮೆಗಾಹರ್ಟ್ಸ್ ಆಸುಪಾಸಿನ ಅಲೆ ಕಳಿಸುತ್ತೆ. ಗಾಜಿಗೆ ಅಂಟಿಸಿದ ಚಿಪ್ಪು ಆ ಅಲೆಯಿಂದಲೇ ಶಕ್ತಿ ತಗೊಂಡು ತನ್ನ ಸಂಖ್ಯೆಯನ್ನ ವಾಪಸ್ ಹೇಳುತ್ತೆ. ರಾಷ್ಟ್ರೀಯ ಹೆದ್ದಾರಿ ಟೋಲ್‌ಗಳಲ್ಲಿ ಇದು ಕಡ್ಡಾಯ ಆಗಿದ್ದು 2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ. ಆದರೆ ಟ್ಯಾಗ್ ಹೇಳೋದು ‘ನನ್ನನ್ನ ಇಂಥ ವರ್ಗದ ಗಾಡಿಗೆ ಕೊಟ್ಟಿದ್ದಾರೆ’ ಅಂತ ಮಾತ್ರ. ಕಾರಿನ ಟ್ಯಾಗನ್ನ ಲಾರಿಗೆ ಅಂಟಿಸಿದರೆ ಪಾಪ ಅದಕ್ಕೇನು ಗೊತ್ತು?

ಅದಕ್ಕೇ ಎರಡನೇ ಯಂತ್ರ ಬೇಕು. ಎದುರಿಗೆ ಬಂದಿದ್ದು ನಿಜವಾಗಿ ಎಂಥ ಗಾಡಿ ಅಂತ ಅದು ಸ್ವತಂತ್ರವಾಗಿ ನೋಡಬೇಕು. ಇದರಲ್ಲಿ ಹಲವು ಬಗೆ.

ಒಂದು, ಇಂಡಕ್ಟಿವ್ ಲೂಪ್. ರಸ್ತೆ ಕೊರೆದು ತಂತಿಯ ಸುರುಳಿ ಹೂಳಿರ್ತಾರೆ. ಮೇಲೆ ಲೋಹ ಬಂದರೆ ಸುರುಳಿಯ ಇಂಡಕ್ಟೆನ್ಸ್ ಬದಲಾಗಿ ಆಸಿಲೇಟರ್ ಆವರ್ತನ ಏರುತ್ತೆ. ಎರಡು ಲೂಪ್ ಇದ್ದರೆ ವೇಗ ಸಿಗುತ್ತೆ, ವೇಗ ಸಿಕ್ಕರೆ ಉದ್ದ ಸಿಗುತ್ತೆ. ಬಸ್ಸು, ಲಾರಿಗೆ ಒಳ್ಳೆಯದು. ಬೈಕ್‌ನಲ್ಲಿ ಲೋಹ ಕಡಿಮೆ, ಅದೂ ಲೂಪಿನ ಅಂಚಲ್ಲಿ ಹೋದರೆ ಸಿಗ್ನಲ್ ಸಣ್ಣದು.

ಎರಡು, ಪೀಜೋ ಪಟ್ಟಿ ಮತ್ತು ಟ್ರೆಡಲ್. ಚಕ್ರ ಹತ್ತಿದಾಗ ಒತ್ತಡ ತಿಳಿಯುತ್ತೆ, ಆಕ್ಸಲ್ ಎಣಿಸುತ್ತೆ. ಟ್ರೆಡಲ್‌ನಲ್ಲಿ ಕೆಲವಕ್ಕೆ ಹಿಂದಿನ ಟೈರು ಒಂಟಿಯೋ ಜೋಡಿಯೋ ಅಂತಾನೂ ಗೊತ್ತಾಗುತ್ತೆ.

ಮೂರು, ಬೆಳಕಿನ ಪರದೆ. ಲೇನ್‌ನ ಎರಡೂ ಪಕ್ಕ ಕಂಬ, ನಡುವೆ ಸಾಲು ಸಾಲು ಇನ್‌ಫ್ರಾರೆಡ್ ಕಿರಣ. ಗಾಡಿ ಹಾದಾಗ ಯಾವ ಯಾವ ಕಿರಣ ಕಟ್ ಆಯ್ತು ಅನ್ನೋದರಿಂದ ಪಕ್ಕದ ಆಕಾರ ಮೂಡುತ್ತೆ. ಒಂದು ಗಾಡಿ ಮುಗಿದು ಇನ್ನೊಂದು ಶುರುವಾಗೋ ಜಾಗ ಕಂಡುಹಿಡಿಯೋದು ಇದರ ಮುಖ್ಯ ಕೆಲಸ. ಟ್ರಾಕ್ಟರ್ ಮತ್ತು ಟ್ರೇಲರ್ ನಡುವೆ ಇರೋದು ಒಂದು ಕಬ್ಬಿಣದ ಕೊಂಡಿ ಮಾತ್ರ. ಆ ಕೊಂಡಿ ಕಿರಣಗಳ ಸಂದಿಯಲ್ಲಿ ನುಸುಳಿದರೆ ಒಂದು ಗಾಡಿ ಎರಡಾಗುತ್ತೆ!

ನಾಲ್ಕು, ಮೇಲಿಂದ ನೋಡೋ ಲೇಸರ್ ಸ್ಕ್ಯಾನರ್. ಗಾಡಿಯ ಮೂರು ಆಯಾಮದ ಆಕಾರ ಸಿಗುತ್ತೆ. ಆದರೆ ಎರಡೂ ಪಕ್ಕ ಚಾಚಿಕೊಂಡ ಹುಲ್ಲಿನ ಹೊರೆ ಹೊತ್ತ ಟ್ರೇಲರ್ ಅದರ ಪಾಲಿಗೆ ಯಾವ ಗಾಡಿ, ನೀವೇ ಹೇಳಿ. ಐದನೆಯದು ನಮಗೆಲ್ಲ ಗೊತ್ತಿರೋ ಕ್ಯಾಮೆರಾ ಮತ್ತು ಡೀಪ್ ಲರ್ನಿಂಗ್.

ಒಂದೊಂದಕ್ಕೂ ಒಂದೊಂದು ಮಿತಿ, ಅದಕ್ಕೇ ಎರಡು ಮೂರು ಸೇರಿಸಿ ಹಾಕ್ತಾರೆ. ಇಲ್ಲಿವರೆಗೆ ಇದು ಎಂಜಿನಿಯರಿಂಗ್, ಜಗಳ ಇಲ್ಲ. ಜಗಳ ಶುರುವಾಗೋದು ಮುಂದೆ.

ಪಟ್ಟಿ ಬರೆದವರು ಯಾರು?

ಯಂತ್ರ ಆಕಾರ ನೋಡುತ್ತೆ, ಆಮೇಲೆ ಒಂದು ಪಟ್ಟಿಯ ಯಾವುದೋ ಖಾನೆಗೆ ಹಾಕುತ್ತೆ. ನಮ್ಮ ಹೆದ್ದಾರಿಗಳ ಮುಖ್ಯ ಪಟ್ಟಿ 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳಲ್ಲಿದೆ. ಕಾರು, ಜೀಪು, ವ್ಯಾನು ಒಂದು ಖಾನೆ. ಲಘು ವಾಣಿಜ್ಯ ವಾಹನ ಮತ್ತು ಮಿನಿ ಬಸ್ಸು ಇನ್ನೊಂದು. ಬಸ್ಸು–ಲಾರಿ ಮತ್ತೊಂದು. ಆಮೇಲೆ ಹೆಚ್ಚು ಆಕ್ಸಲ್‌ನವು, ಕೊನೆಗೆ ಏಳು ಅಥವಾ ಹೆಚ್ಚು ಆಕ್ಸಲ್ ಇರೋ ಭಾರಿ ಗಾತ್ರದವು. 2007–08ರ ಮೂಲ ದರ ಕಿಲೋಮೀಟರಿಗೆ ಕಾರಿಗೆ 65 ಪೈಸೆ, ಲಘು ವಾಣಿಜ್ಯ ವಾಹನಕ್ಕೆ 1.05 ರೂಪಾಯಿ, ಬಸ್ಸು–ಲಾರಿಗೆ 2.20 ರೂಪಾಯಿ. ಅಲ್ಲಿಂದ ವರ್ಷ ವರ್ಷ ಪರಿಷ್ಕರಣೆ.

ಗಮನಿಸಿ, ನಿಯಮದಲ್ಲಿ ವರ್ಗ ನಿರ್ಧಾರ ಮುಖ್ಯವಾಗಿ ತೂಕದ ಮೇಲೆ. ಆರ್‌ಸಿಯಲ್ಲಿರೋ ಒಟ್ಟು ತೂಕ 7,500 ಕೆಜಿ ಮೀರದಿದ್ದರೆ ಲಘು ಮೋಟಾರು ವಾಹನ, ಅಂದರೆ ಕಾರಿನ ದರ. ಅದಕ್ಕಿಂತ ಹೆಚ್ಚು, 12,000ಕ್ಕಿಂತ ಕಡಿಮೆ ಇದ್ದರೆ ಲಘು ವಾಣಿಜ್ಯ. ಆದರೆ ಲೇನ್‌ನಲ್ಲಿರೋ ಯಂತ್ರಕ್ಕೆ ಆರ್‌ಸಿ ಕಾಣಲ್ಲ. ಅದಕ್ಕೆ ಕಾಣೋದು ಎತ್ತರ, ಉದ್ದ, ಆಕ್ಸಲ್, ಜೋಡಿ ಟೈರು. ಕಾನೂನು ಕಾಗದ ಓದುತ್ತೆ, ಯಂತ್ರ ಆಕಾರ ಓದುತ್ತೆ. ಎರಡೂ ಯಾವಾಗಲೂ ಒಂದೇ ಆಗಿರಲ್ಲ.

ನಮ್ಮ ಚಿಕ್ಕಪ್ಪನ ಗಾಡಿ ಇಂಥದ್ದೇ. ಹಿಂದೆ ಜೋಡಿ ಟೈರು, ಆರ್‌ಸಿಯಲ್ಲಿ ತೂಕ 7,500ರ ಒಳಗೆ. ಟೊಮ್ಯಾಟೊ ಕ್ರೇಟ್ ತುಂಬಿಕೊಂಡು ಬೆಂಗಳೂರಿಗೆ ಹೋಗಿ ಬಂದ ಎರಡು ದಿನಕ್ಕೆ ‘ವ್ಯತ್ಯಾಸದ ಮೊತ್ತ’ ಅಂತ ಟ್ಯಾಗ್‌ನಿಂದ ಮತ್ತೆ ದುಡ್ಡು ಕಟ್ ಆದ ಮೆಸೇಜ್ ಬಂತು. ಮುಂದಿನ ಸಲ ಹೋದಾಗ ಗಾಡಿ ನಿಲ್ಲಿಸಿ ಆರ್‌ಸಿ ತೋರಿಸಿದರು. ಬೂತ್‌ನಲ್ಲಿದ್ದ ಹುಡುಗ, ನಮ್ಮ ವಯಸ್ಸಿನವನೇ, ‘ಮಷಿನ್ ಹಂಗೆ ತೋರಿಸ್ತಾ ಇದೆ ಅಣ್ಣ, ನಾನೇನು ಮಾಡ್ಲಿ’ ಅಂದ. ಹಿಂದೆ ಹತ್ತು ಗಾಡಿ ಹಾರ್ನ್. ಮಂಡಿಗೆ ಹೊತ್ತಾಗುತ್ತೆ. ಚಿಕ್ಕಪ್ಪ ಸುಮ್ಮನೆ ಮುಂದೆ ಹೋದರು. ದೂರು ಕೊಡೋಕೆ ದಾರಿ ಇದೆ, ಆದರೆ ಬೆಳಗಿನ ಮೂರಕ್ಕೆ ಎದ್ದು ಗಾಡಿ ಓಡಿಸೋ ಮನುಷ್ಯ ಫೋಟೋ ಅಪ್‌ಲೋಡ್ ಮಾಡ್ತಾ ಕೂರಲ್ಲ. ತಪ್ಪು ಆ ಹುಡುಗನದ್ದಲ್ಲ, ಸೆನ್ಸರ್‌ದೂ ಅಲ್ಲ. ಅದು ಜೋಡಿ ಟೈರ್ ಇದೆ ಅಂತ ನಿಜವನ್ನೇ ಹೇಳಿತು.

ಇವತ್ತು ಕನಿಷ್ಠ ಆ ಹುಡುಗನಾದರೂ ಇದ್ದಾನೆ. ನಾಳೆ ಅವನೂ ಇರಲ್ಲ. ತಡೆಗಂಬವೇ ಇಲ್ಲದೆ, ನಿಲ್ಲಿಸದೆ ದುಡ್ಡು ಕಟ್ ಮಾಡೋ ವ್ಯವಸ್ಥೆಗೆ ಗುಜರಾತಿನ ಚೋರ್ಯಾಸಿ ಟೋಲ್‌ನಿಂದ ಶುರುವಾಗಿ 2025ರಲ್ಲಿ ಒಪ್ಪಂದಗಳಾಗಿವೆ. ಕ್ಯೂ ತಪ್ಪುತ್ತೆ, ಡೀಸೆಲ್ ಉಳಿಯುತ್ತೆ, ನನಗೂ ಇಷ್ಟವೇ. ಆದರೆ ಆಗ ‘ಎಂಥ ಗಾಡಿ’ ಅನ್ನೋದಕ್ಕೆ ಯಂತ್ರದ್ದೇ ಕೊನೇ ಮಾತು. ವಾದ ಮಾಡೋಕೆ ಎದುರಿಗೆ ಮನುಷ್ಯ ಇರಲ್ಲ.

ದುಡ್ಡು ಕೊಡದವರಿಗೆ ಖಾನೆ ಇಲ್ಲ

ಚಿಕ್ಕಪ್ಪನ ಗಾಡಿ ತಪ್ಪು ಖಾನೆಗಾದರೂ ಬಿತ್ತು. ಖಾನೆಯೇ ಇಲ್ಲದವರ ಕಥೆ ಬೇರೆ. ಬೈಕು, ಆಟೋ, ಟ್ರಾಕ್ಟರು, ಎತ್ತಿನ ಗಾಡಿ ಸಾಮಾನ್ಯವಾಗಿ ಟೋಲ್ ಕಟ್ಟೋದಿಲ್ಲ. ಬಾಗೇಪಲ್ಲಿ ಟೋಲ್‌ನಲ್ಲಿ ನಿಂತು ನೋಡಿ, ಬೈಕ್‌ಗಳು ಪಕ್ಕದ ಸಂದಿಯಲ್ಲಿ ಹೋಗ್ತಾ ಇರುತ್ತವೆ. ಟೋಲ್ ದೃಷ್ಟಿಯಿಂದ ಅದು ಸರಿ. ದುಡ್ಡು ಬರದ ಗಾಡಿಯನ್ನ ಎಣಿಸೋಕೆ ಯಾರು ಸೆನ್ಸರ್ ಹಾಕ್ತಾರೆ?

ಆದರೆ ರಸ್ತೆಯಲ್ಲಿ ಸಾಯೋರು ಯಾರು ಅಂತ ನೋಡಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿ ಪ್ರಕಾರ ಆ ವರ್ಷ ದೇಶದ ಎಲ್ಲ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ದ್ವಿಚಕ್ರದವರು ಶೇ 44.5, ಪಾದಚಾರಿಗಳು ಶೇ 19.5. ಎರಡೂ ಕೂಡಿದರೆ ನೂರಕ್ಕೆ 64. ಅಂದರೆ ಟೋಲ್ ಪಟ್ಟಿಯಲ್ಲಿ ಹೆಸರೇ ಇಲ್ಲದವರು ಸಾವಿನ ಪಟ್ಟಿಯಲ್ಲಿ ಮೊದಲಿದ್ದಾರೆ.

ಎಣಿಕೆಗೂ ರಸ್ತೆಗೂ ಏನು ಸಂಬಂಧ ಅಂತ ಸಿವಿಲ್‌ನವರಿಗೆ ಗೊತ್ತು, ಬೇರೆ ಬ್ರಾಂಚ್‌ನವರಿಗೆ ಹೇಳ್ತೀನಿ. ರಸ್ತೆ ಅಗಲ ಮಾಡಬೇಕಾ, ಸರ್ವಿಸ್ ರಸ್ತೆ ಬೇಕಾ ಅನ್ನೋದು ಸುಮ್ಮನೆ ಗಾಡಿಗಳ ಸಂಖ್ಯೆ ನೋಡಿ ಆಗಲ್ಲ. ಪ್ರತಿ ಗಾಡಿಯನ್ನೂ ಅದು ರಸ್ತೆಯಲ್ಲಿ ಹಿಡಿಯೋ ಜಾಗ, ಉಂಟುಮಾಡೋ ತಡೆ ಲೆಕ್ಕ ಹಾಕಿ ‘ಎಷ್ಟು ಕಾರಿಗೆ ಸಮ’ ಅಂತ ಬದಲಿಸ್ತಾರೆ. ಇದೇ ಪಿಸಿಯು. ಹಳ್ಳಿಗಾಡಿನ ರಸ್ತೆಗಳಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಕೊಟ್ಟ ಐಆರ್‌ಸಿ 64 ಕೈಪಿಡಿ ತೆಗೆದು ನೋಡಿ. ಬೈಕು 0.5. ಕಾರು, ಆಟೋ 1. ಬಸ್ಸು, ಲಾರಿ 3. ಟ್ರೇಲರ್ ಕಟ್ಟಿದ ಟ್ರಾಕ್ಟರ್ 4.5. ದೊಡ್ಡ ಎತ್ತಿನ ಗಾಡಿ 8!

ನಮ್ಮ ಯಂತ್ರ ‘ಹಸು’ ಅಂತ ಬರೆದು ಬಿಟ್ಟಿದ್ದು ಎಂಟು ಕಾರಿಗೆ ಸಮವಾದ ಗಾಡಿಯನ್ನ.

ಒಂದು ಊಹೆಯ ಲೆಕ್ಕ ಮಾಡೋಣ. ಎರಡು ಲೇನ್ ರಸ್ತೆ, ಸಮತಟ್ಟು ಜಾಗ. ಅದೇ ಕೈಪಿಡಿ ಪ್ರಕಾರ ದಿನಕ್ಕೆ 15,000 ಪಿಸಿಯು ಅದರ ಮಿತಿ. ಸುಗ್ಗಿಯಲ್ಲಿ ದಿನಕ್ಕೆ 400 ಟ್ರಾಕ್ಟರ್–ಟ್ರೇಲರ್ ಓಡಾಡ್ತವೆ ಅಂದುಕೊಳ್ಳಿ. ಸರಿಯಾಗಿ ಎಣಿಸಿದರೆ 1,800 ಪಿಸಿಯು. ಯಂತ್ರ ಅವನ್ನೆಲ್ಲ ಲಘು ವಾಣಿಜ್ಯ ವಾಹನ ಅಂತ 1.5ರ ಖಾನೆಗೆ ಹಾಕಿದರೆ 600. ಉಳಿದ 1,200 ಕಾಗದದಲ್ಲಿ ಮಾಯ. ರಸ್ತೆಯ ಮಿತಿಯ ಶೇ 8 ಕಾಣದಂತಾಯ್ತು. ರಸ್ತೆ ಇಕ್ಕಟ್ಟಾಗಿದೆ ಅಂತ ಊರಿನವರು ಅರ್ಜಿ ಕೊಟ್ಟರೆ, ‘ನಮ್ಮ ಲೆಕ್ಕದಲ್ಲಿ ಇನ್ನೂ ಜಾಗ ಇದೆ’ ಅಂತ ಉತ್ತರ ಬರುತ್ತೆ. ಯಾರೂ ಸುಳ್ಳು ಹೇಳಿರಲ್ಲ.

ಖಾನೆ ಸರಿ ಇದ್ದರೂ ಸಾಲದು ಅನ್ನೋದಕ್ಕೆ ನಮ್ಮ ಜಿಲ್ಲೆಯಲ್ಲೇ ನೋವಿನ ಉದಾಹರಣೆಗಳಿವೆ. 2021ರ ಸೆಪ್ಟೆಂಬರ್‌ನಲ್ಲಿ ನಮ್ಮ ತಾಲ್ಲೂಕಿನ ಮರಿನಾಯಕನಹಳ್ಳಿ ಬಳಿ ಜೀಪಿಗೂ ಲಾರಿಗೂ ಡಿಕ್ಕಿಯಾಗಿ ಎಂಟು ಜನ ಹೋದರು. 2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಹತ್ತಿರ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಮಂಜಿನ ನಡುವೆ ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೋ ಗುದ್ದಿ 13 ಜನ ಸತ್ತರು. ಟೋಲ್ ಯಂತ್ರದ ಕಣ್ಣಿಗೆ ಆ ಜೀಪು, ಆ ಸುಮೋ ಎರಡೂ ‘ಕಾರು, ಜೀಪು, ವ್ಯಾನು’. ಗಂಡ ಹೆಂಡತಿ ಎರಡು ಮಕ್ಕಳು ಹೋಗೋ ಕಾರಿಗೂ, ಬಸ್ಸಿಲ್ಲದ ಊರಿನ ಜನ ತುಂಬಿಕೊಂಡು ಹೋಗೋ ಜೀಪಿಗೂ ಅಲ್ಲಿ ಒಂದೇ ಹೆಸರು. ನಮ್ಮ ಕಡೆ ಜೀಪು ಅಂದರೆ ಕಾರಲ್ಲ, ಅದು ಊರಿನ ಬಸ್ಸು. ಎಷ್ಟು ಗಾಡಿ ಹೀಗೆ ಶೇರ್ ಜೀಪಾಗಿ ಓಡ್ತಾ ಇವೆ ಅಂತ ಒಂದು ಎಣಿಕೆ ಇದ್ದಿದ್ದರೆ, ಆ ದಾರಿಗೆ ಇನ್ನೊಂದು ಸರ್ಕಾರಿ ಬಸ್ಸು ಕೇಳೋಕೆ ನಮ್ಮ ಕೈಲಿ ಆಧಾರ ಇರುತ್ತಿತ್ತು. ಎಣಿಸಿದ್ದರೆ ಅವರು ಉಳೀತಿದ್ದರು ಅಂತ ನಾನು ಹೇಳ್ತಾ ಇಲ್ಲ. ಎಣಿಸದೆ ಕೇಳೋಕೂ ಆಗಲ್ಲ ಅಂತ ಹೇಳ್ತಾ ಇದ್ದೀನಿ.

ಕ್ಯಾಮೆರಾಗೆ ಎತ್ತು ಗೊತ್ತು, ಗಾಡಿ ಗೊತ್ತಿಲ್ಲ

ಈಗ ನಮ್ಮ ಸರದಿ. ಹೊಸ ಕ್ಯಾಮೆರಾ ವ್ಯವಸ್ಥೆಗಳ ಹಿಂದೆ ಇರೋದು ನಮ್ಮ ಲ್ಯಾಬ್‌ಗಳಲ್ಲಿ ನಾವು ಬಳಸೋ ಥರದ ಮಾಡೆಲ್‌ಗಳೇ. ನಮ್ಮ ಪ್ರಾಜೆಕ್ಟ್‌ನ ಮಾಡೆಲ್ ಕಲಿತಿದ್ದು ಕೋಕೋ ಅನ್ನೋ ಚಿತ್ರಸಂಗ್ರಹದಿಂದ. ಅದರಲ್ಲಿ 80 ವಸ್ತುಗಳಿಗೆ ಹೆಸರಿದೆ. ಕಾರು, ಬಸ್ಸು, ಟ್ರಕ್ಕು, ಬೈಕು, ಸೈಕಲ್ಲು, ರೈಲು ಇವೆ. ಹಸು ಇದೆ, ಜೀಬ್ರಾ ಕೂಡ ಇದೆ. ಆಟೋ ಇಲ್ಲ, ಟ್ರಾಕ್ಟರ್ ಇಲ್ಲ. ಕೆಂಚಾರ್ಲಹಳ್ಳಿಯಲ್ಲಿ ಜೀಬ್ರಾ ಬಂದರೆ ನಮ್ಮ ಪ್ರಾಜೆಕ್ಟ್ ಸರಿಯಾಗಿ ಹೇಳುತ್ತಿತ್ತು!

ನಮ್ಮ ದೇಶದಲ್ಲಿ ಕೆಲಸ ಆಗಿಲ್ಲ ಅಂತಲ್ಲ. ಹೈದರಾಬಾದಿನ ಐಐಐಟಿ ಮತ್ತು ಇಂಟೆಲ್ ಸೇರಿ 2018ರಲ್ಲಿ ಇಂಡಿಯನ್ ಡ್ರೈವಿಂಗ್ ಡೇಟಾಸೆಟ್ ಹೊರತಂದವು. ಹೈದರಾಬಾದ್, ಬೆಂಗಳೂರು ಮತ್ತು ಸುತ್ತಮುತ್ತಲ ರಸ್ತೆಗಳ 10,000 ಚಿತ್ರ, ಆಟೋಗೆ ತನ್ನದೇ ಹೆಸರು. ಆದರೆ ಯಾವ ಹೆಸರಿಗೂ ಹೊಂದದ ಗಾಡಿಗಳಿಗೆ ಅಲ್ಲೂ ಒಂದು ‘ಉಳಿದವು’ ಅನ್ನೋ ಥರದ ಖಾನೆ. 2025ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಯುವಿಎಚ್-26 ಬಂತು. ಬೆಂಗಳೂರಿನ ಸೇಫ್ ಸಿಟಿ ಕ್ಯಾಮೆರಾಗಳ 26,646 ಚಿತ್ರ, 14 ವರ್ಗ. ಟೆಂಪೋ ಟ್ರಾವೆಲರ್‌ಗೂ ಮಿನಿ ಬಸ್ಸಿಗೂ ಬೇರೆ ಬೇರೆ ಹೆಸರು. ಅದರಲ್ಲಿ ಗಾಡಿಗಳ ಸುತ್ತ ಚೌಕ ಎಳೆದು ಹೆಸರು ಕೊಟ್ಟವರು ಯಾರು ಗೊತ್ತಾ? ದೇಶದ ಬೇರೆ ಬೇರೆ ಕಾಲೇಜುಗಳ 565 ವಿದ್ಯಾರ್ಥಿಗಳು. ನಮ್ಮಂಥವರೇ.

ಆ 14ರಲ್ಲಿ ಕೊನೆಯದು ‘ಇತರೆ’. ಟ್ರಾಕ್ಟರಿಗೆ ಬೇರೆ ಹೆಸರಿಲ್ಲ, ಅದು ಅಲ್ಲಿಗೇ ಹೋಗಬೇಕು. ಬೆಂಗಳೂರಿಗೆ ಅದು ಸರಿಯಾದ ಪಟ್ಟಿಯೇ, ಎಂ.ಜಿ. ರಸ್ತೆಯಲ್ಲಿ ಟ್ರಾಕ್ಟರ್ ಎಷ್ಟು ಓಡುತ್ತೆ? ಆದರೆ ಚಿಂತಾಮಣಿ ಮಂಡಿಯ ಮುಂದೆ ಅದೇ ಮಾಡೆಲ್ ಹಾಕಿದರೆ ಅರ್ಧ ಮಾರುಕಟ್ಟೆ ‘ಇತರೆ’ ಆಗಿಬಿಡುತ್ತೆ. ಬೆಂಗಳೂರಿನವರು ಅವರ ಪಟ್ಟಿ ಮಾಡಿಕೊಂಡರು. ನಮ್ಮ ಪಟ್ಟಿ ನಾವು ಮಾಡಿಕೊಳ್ಳಬೇಕು.

‘ಟ್ರಾಕ್ಟರ್ ಇರೋದೇ ನೂರಕ್ಕೆ ಮೂರು, ಅದಕ್ಕೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ತೀಯ?’ ಅಂತ ನಮ್ಮ ಟೀಮ್‌ನಲ್ಲೇ ಒಬ್ಬ ಕೇಳಿದ. ಒಳ್ಳೆ ಪ್ರಶ್ನೆ. 10,000 ಗಾಡಿಯಲ್ಲಿ 300 ಟ್ರಾಕ್ಟರ್ ಅಂದುಕೊಳ್ಳಿ. ಒಂದು ಟ್ರಾಕ್ಟರನ್ನೂ ಗುರುತಿಸದೆ ಉಳಿದಿದ್ದೆಲ್ಲ ಸರಿ ಹೇಳಿದ ಯಂತ್ರಕ್ಕೆ 97 ಪರ್ಸೆಂಟ್ ಅಕ್ಯುರಸಿ. ವೈವಾದಲ್ಲಿ ಚಪ್ಪಾಳೆ. ಆದರೆ ರಾತ್ರಿ ಹಿಂದೆ ಲೈಟಿಲ್ಲದ ಟ್ರೇಲರಿಗೆ ಬೈಕ್ ಗುದ್ದೋದು ಆ ಉಳಿದ ಮೂರು ಪರ್ಸೆಂಟ್‌ನಲ್ಲೇ. ಒಟ್ಟು ಅಕ್ಯುರಸಿ ಒಂದನ್ನೇ ಬರೆದ ರಿಪೋರ್ಟ್‌ಗೆ ನಾವು ಮಾರ್ಕ್ಸ್ ಕೇಳಬಾರದು, ಗೈಡ್‌ಗಳು ಕೊಡಲೂಬಾರದು. ಪ್ರತಿ ವರ್ಗಕ್ಕೂ ಎಷ್ಟು ಸಿಕ್ಕಿತು, ಎಷ್ಟು ತಪ್ಪಿತು, ಹಗಲಲ್ಲಿ ಎಷ್ಟು, ರಾತ್ರಿ ಎಷ್ಟು ಅಂತ ಬರೀಬೇಕು. ಕನ್ಫ್ಯೂಷನ್ ಮ್ಯಾಟ್ರಿಕ್ಸ್ ಇರೋದೇ ಅದಕ್ಕೆ. ಇದನ್ನ ಮೊದಲು ನನಗೇ ಹೇಳಿಕೊಳ್ತಾ ಇದ್ದೀನಿ, ಕ್ಲಿಪ್ ಕಟ್ ಮಾಡಿದವರಲ್ಲಿ ನಾನೂ ಒಬ್ಬ.

ಇನ್ನೊಂದು ಆಕ್ಷೇಪ ಇನ್ನೂ ಗಂಭೀರ. ‘ಊರೂರಿಗೆ ಕ್ಯಾಮೆರಾ ಹಾಕಿದರೆ ಯಾರು ಎಲ್ಲಿ ಹೋದರು ಅಂತ ನೋಡ್ತಾ ಕೂರೋರು ಯಾರು?’ ಈ ಭಯ ಸರಿಯಾದದ್ದೇ. ಅದಕ್ಕೇ ಮೊದಲಲ್ಲಿ ಎರಡು ಪ್ರಶ್ನೆ ಬೇರೆ ಮಾಡಿದ್ದು. ರಸ್ತೆ ಯೋಜನೆಗೆ ‘ಎಂಥ ಗಾಡಿ’ ಅನ್ನೋದು ಸಾಕು, ‘ಯಾರ ಗಾಡಿ’ ಬೇಡ. ನಂಬರ್ ಪ್ಲೇಟು, ಮುಖ ಮಸುಕು ಮಾಡಿ, ಗಂಟೆಗೊಂದು ಸಂಖ್ಯೆ ಮಾತ್ರ ಇಟ್ಟುಕೊಂಡು ವಿಡಿಯೋ ಅಳಿಸಿದರೂ ಕೆಲಸ ಆಗುತ್ತೆ. ಎಣಿಸೋಕೆ ಅಂತ ಹಾಕಿದ ಕ್ಯಾಮೆರಾ ಕಾವಲಿಗೆ ತಿರುಗಬಾರದು. ಅದನ್ನ ಡಿಸೈನ್‌ನಲ್ಲೇ ಕಟ್ಟಬೇಕು, ಆಮೇಲೆ ನೋಡೋಣ ಅನ್ನೋದಲ್ಲ.

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್, ಆಟೋ, ಟ್ರಾಕ್ಟರ್ ಬರೋ ಹಾಗಿಲ್ಲ. ವೇಗದ ಗಾಡಿಗಳ ನಡುವೆ ಅವರ ಜೀವಕ್ಕೆ ಅಪಾಯ ಅನ್ನೋ ಕಾರಣ ಒಪ್ಪಬೇಕಾದ್ದೇ. ಆದರೆ ಹೊರಗೆ ಕಳಿಸಿದ ಗಾಡಿಗಳು ಮಾಯ ಆಗಲಿಲ್ಲ, ಸರ್ವಿಸ್ ರಸ್ತೆಗೆ ಬಂದವು. ಮುಖ್ಯ ರಸ್ತೆಯಲ್ಲಿ ಹಾಕುವಷ್ಟು ಸೆನ್ಸರನ್ನ ಸರ್ವಿಸ್ ರಸ್ತೆಗೂ ಹಾಕಬೇಕು ಅಂತ ಕೇಳೋರು ಬೇಕಲ್ಲ.

ಏಳು ದಿನ ಕೊಡಿ

ಬರೀ ದೂರಿ ಮುಗಿಸೋಕೆ ಮನಸ್ಸಿಲ್ಲ. ನಮ್ಮ ಸಂಘದ ಮುಂದೆ ಒಂದು ಕೆಲಸ ಇಡ್ತೀನಿ.

ನಗರದ ಹೊರಗಿನ ರಸ್ತೆಗಳಲ್ಲಿ ಗಾಡಿ ಎಣಿಸೋಕೆ ಐಆರ್‌ಸಿ 9 ಅನ್ನೋ 1972ರ ಕೈಪಿಡಿ ಇದೆ. ಸತತ ಏಳು ದಿನ, ದಿನಕ್ಕೆ 24 ಗಂಟೆ, ಕೈಯಲ್ಲಿ ಗೀಟು ಎಳೆದು ಎಣಿಕೆ. ನಾಲ್ಕು ಗೀಟು, ಐದನೆಯದು ಅಡ್ಡ. ಏಳು ದಿನ ಯಾಕೆ ಅಂದರೆ ಸಂತೆ ದಿನ ಬೇರೆ, ಭಾನುವಾರ ಬೇರೆ. ಹಿಂದೆ ಇದ್ದ 234, ಈಗಿನ 69ನೇ ರಾಷ್ಟ್ರೀಯ ಹೆದ್ದಾರಿ ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ ಹಾದು ಹೋಗುತ್ತೆ. ಅದರ ಮೇಲೊಂದು ಜಾಗ, ನಮ್ಮೂರ ಕಡೆಯ ರಸ್ತೆಯಲ್ಲೊಂದು ಜಾಗ ಆರಿಸೋಣ. ಎಂಟು ಗಂಟೆಯ ಮೂರು ಪಾಳಿ, ಪಾಳಿಗೆ ಒಂದೊಂದು ಜಾಗದಲ್ಲಿ ಇಬ್ಬರು. ಪಕ್ಕದಲ್ಲೇ ಒಂದು ಕ್ಯಾಮೆರಾ.

ಆದರೆ ಪಟ್ಟಿ ನಾವು ಹಾಸ್ಟೆಲ್‌ನಲ್ಲಿ ಕೂತು ಬರೆಯೋದು ಬೇಡ. ಮೊದಲ ದಿನ ರಸ್ತೆ ಪಕ್ಕದ ಟೀ ಅಂಗಡಿಯವರನ್ನ, ಪಂಚರ್ ಹಾಕೋರನ್ನ, ಡೈರಿ ಕಾರ್ಯದರ್ಶಿಯನ್ನ ಕೇಳೋಣ. ಅವರು ಹೇಳೋ ಪಟ್ಟಿ ಹೀಗಿರಬಹುದು: ಬೈಕು, ಹಿಪ್ಪುನೇರಳೆ ಸೊಪ್ಪು ಹೇರಿದ ಟಿವಿಎಸ್, ಹಾಲಿನ ಕ್ಯಾನ್ ಕಟ್ಟಿದ ಬೈಕು, ಪ್ಯಾಸೆಂಜರ್ ಆಟೋ, ಗೂಡ್ಸ್ ಆಟೋ, ಶೇರ್ ಜೀಪು, ಕಾರು, ಪಿಕಪ್ಪು, ಜೋಡಿ ಟೈರಿನ ಸಣ್ಣ ಲಾರಿ, ದೊಡ್ಡ ಲಾರಿ, ಬಸ್ಸು, ಬರೀ ಟ್ರಾಕ್ಟರು, ಟ್ರೇಲರ್ ಕಟ್ಟಿದ ಟ್ರಾಕ್ಟರು, ಎತ್ತಿನ ಗಾಡಿ, ಸೈಕಲ್ಲು, ನಡೆದು ಹೋಗೋರು. ಸೊಪ್ಪು ಹೇರಿದ ಟಿವಿಎಸ್ ಯಾಕೆ ಬೇರೆ ಅಂದರೆ, ಶಿಡ್ಲಘಟ್ಟದ ಕಡೆ ನೋಡಿದವರಿಗೆ ಗೊತ್ತು, ಅದು ಬೈಕ್‌ನ ಎರಡರಷ್ಟು ಅಗಲ, ಓಡಿಸೋನಿಗೆ ಹಿಂದೆ ಏನೂ ಕಾಣಲ್ಲ. ಟ್ರೇಲರ್ ಪಕ್ಕ ಇನ್ನೊಂದು ಖಾನೆ: ಹಿಂದೆ ಲೈಟೋ ರಿಫ್ಲೆಕ್ಟರೋ ಇದೆಯೋ ಇಲ್ಲವೋ.

ಏಳು ದಿನ ಆದ ಮೇಲೆ ಮನುಷ್ಯರ ಲೆಕ್ಕ, ಯಂತ್ರದ ಲೆಕ್ಕ ಪಕ್ಕ ಪಕ್ಕ ಇಡೋಣ. ಚಿತ್ರಗಳಿಗೆ ನಾವೇ ಹೆಸರು ಕೊಟ್ಟು ಮಾಡೆಲ್‌ಗೆ ಕಲಿಸೋಣ, ಮತ್ತೆ ಅಳೆಯೋಣ. ಸಂಖ್ಯೆಗಳನ್ನ ಕನ್ನಡದಲ್ಲಿ ಎರಡು ಪುಟಕ್ಕೆ ಬರೆದು ಗ್ರಾಮ ಪಂಚಾಯ್ತಿಗೂ ಲೋಕೋಪಯೋಗಿ ಇಲಾಖೆಗೂ ಕೊಡೋಣ. ನಾಳೆಯೇ ರಸ್ತೆ ಆಗಿಬಿಡುತ್ತೆ ಅನ್ನೋ ಭ್ರಮೆ ನನಗಿಲ್ಲ. ಆದರೆ ಮುಂದಿನ ಸಲ ‘ನಮ್ಮ ಲೆಕ್ಕದಲ್ಲಿ ಇಲ್ಲ’ ಅಂದರೆ, ‘ನಮ್ಮ ಲೆಕ್ಕದಲ್ಲಿ ಇದೆ ಸಾರ್, ನೋಡಿ’ ಅಂತ ಒಂದು ಹಾಳೆ ಮುಂದಿಡಬಹುದು.

ಅಜ್ಜಿ ಈಗ ರಸ್ತೆಗೆ ಹೋಗಲ್ಲ, ಜಗಲಿ ಮೇಲೆ ಕೂತಿರ್ತಾರೆ. ಹೋದ ತಿಂಗಳು ಊರಿಗೆ ಹೋದಾಗ ಯಂತ್ರ ಎತ್ತಿನ ಗಾಡಿಯನ್ನ ಹಸು ಅಂದಿದ್ದನ್ನ ಹೇಳಿದೆ. ನಗ್ತಾರೆ ಅಂದುಕೊಂಡೆ. ನಗಲಿಲ್ಲ. ‘ಅದುಕ್ಕೆ ಯಾರೂ ಹೇಳ್ಕೊಟ್ಟಿಲ್ಲ ಕಣಪ್ಪ’ ಅಂದರು.

ಸೆಮಿಸ್ಟರ್ ರಜೆಯಲ್ಲಿ ಶುರು ಮಾಡೋಣ. ಮಲಗೋಕೆ ನಮ್ಮನೆ ಮಹಡಿ ಇದೆ, ಊಟಕ್ಕೆ ಮುದ್ದೆ ಹುರುಳಿ ಸಾರು ಇದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರ ಪಾಳಿಗೆ ಮಾತ್ರ ಜನ ಸಿಗೋದು ಕಷ್ಟ. ಅದಕ್ಕೆ ಮೊದಲ ಹೆಸರು ನಂದೇ ಬರೆದುಕೊಳ್ಳಿ.